ಬುಟ್ಟಿಯಲ್ಲಿ ಉಳಿದ ಬಾಕು

"ಅಮ್ಮನ ಬಾಯಿಗೆ ಬಟ್ಟೆ ತುರುಕಿದೀಯಲ್ಲೇ! ನೀನೂ ಒಬ್ಬಳು ಮಗಳಾ?"

ನನ್ನ ತಮ್ಮ ಗಾಲಿಬ್ ಹಾಗೆ ಅರಚಿದ್ದು ನಡುದಾರಿಯಲ್ಲಿ, ಹಳದಿ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದ ಹೆಂಗಸರ ಮುಂದೆ. ಅಮ್ಮ ತೀರಿಕೊಂಡು ವರ್ಷಗಳಾದವು, ಅವಳ ಬಾಯಿಗೆ ನಾನೇನು ತುರುಕಲಿ? ನಾನು ಬಟ್ಟೆ ತುರುಕಿದ್ದು ಅವಳ ಹೆಸರಿನಲ್ಲಿ ಇವನು ಕಟ್ಟಿಸಿದ ಅರವಟ್ಟಿಗೆಯ ನಲ್ಲಿಗೆ. ಮೇಲೆ ಹಗ್ಗವನ್ನೂ ಬಿಗಿದಿದ್ದೆ.

"ಹೌದು ಕಣೋ, ತುರುಕಿದೀನಿ. ನೀನು ಕಿತ್ತರೆ ಇನ್ನೊಂದ್ಸಲ ತುರುಕ್ತೀನಿ. ಅದಕ್ಕೂ ಬಗ್ಗದಿದ್ರೆ ಸಿಮೆಂಟ್ ಮೆತ್ತುತೀನಿ."

"ಇಲ್ಲಿ ಒಬ್ಬರು ಒಂದು ಗುಟುಕು ಕುಡಿದ್ರೆ ಅಲ್ಲಿ ಅಮ್ಮನಿಗೆ ಒಂದು ಪುಣ್ಯ ಸೇರುತ್ತೆ. ಅದನ್ನ ತಡೀತೀಯಾ?"

"ಇಲ್ಲಿ ಒಬ್ಬರು ಒಂದು ಗುಟುಕು ಕುಡಿದ್ರೆ ಇಲ್ಲೇ ಕಕ್ಕಿ ಕೆಡವಿ ಸಾಯ್ತಾರೆ. ಅದು ಯಾರ ಹೆಸರಿಗೆ ಸೇರುತ್ತೆ, ಕೇಳಿ ಹೇಳು."

"ಬಾಯಾರಿ ಬಂದೋರಿಗೆ ನೀರಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಅಕ್ಕ. ಸತ್ತರೂ ಬರಲ್ಲ."

ಸಾಲಿನ ಮುಂದೆ ನಿಂತಿದ್ದ ಮುದುಕಿ ಹಮಾಮಾ ಡಬ್ಬವನ್ನು ಕಾಲಿನಿಂದ ತಳ್ಳಿದಳು. "ಅಕ್ಕತಮ್ಮ ಆಮೇಲೆ ಕಿತ್ತಾಡ್ಕೊಳಿ. ನನ್ನ ಒಲೆ ಮೇಲೆ ಹಿಟ್ಟು ಕುದೀತಿದೆ. ಬಿಡ್ತೀರೋ ಇಲ್ವೋ?"

"ಅತ್ತೆ, ಈ ನೀರು ಕುಡಿದೇ ತಾನೆ ವರ್ದಾ ಸತ್ತಿದ್ದು?" ಎಂದೆ.

"ವರ್ದಾ ಸತ್ತಿದ್ದು ಅವಳ ಹಣೆಬರಹ. ಮೇಲಿನ ಊಟೆಯಿಂದ ನೀರು ಹೊತ್ತು ತಂದ್ರೆ ನಾನು ಸಾಯೋದು ನನ್ನ ಮಂಡಿಯಿಂದ. ಯಾವುದಾದ್ರೇನು, ಗುಂಡಿ ಒಂದೇ."

ಗಾಲಿಬ್ ಹಗ್ಗ ಬಿಚ್ಚಿ, ಬಟ್ಟೆಯನ್ನು ಕಿತ್ತು ನನ್ನ ಕಾಲ ಬುಡಕ್ಕೆ ಎಸೆದ. ಹೆಂಗಸರು ಮುಗಿಬಿದ್ದರು. ಯಾರ ಪ್ರಾಣಕ್ಕಾಗಿ ನಾನು ಗಂಟಲು ಹರಿದುಕೊಳ್ಳುತ್ತಿದ್ದೆನೋ ಅವರೇ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ನೂಕಿ ಡಬ್ಬ ತುಂಬಿಸಿಕೊಂಡರು.

ನೀರಿನಲ್ಲಿ ದೋಷವಿರಲಿಲ್ಲ. ಅದನ್ನು ನಾನು ಎಲ್ಲರಿಗೂ ಹೇಳುತ್ತಲೇ ಬಂದಿದ್ದೇನೆ. ಗಾಲಿಬ್ ಬೆಟ್ಟದ ಮೇಲಿನ ಊಟೆಯಿಂದ ಒಬ್ಬನೇ ಬಂಡೆ ಕಡಿದು, ಭುಜದ ಮೇಲೆ ಕೊಳವೆ ಹೊತ್ತು ತಂದು ಇಳಿಸಿದ ನೀರು ಅದು. ಅಂಥ ಕೆಲಸವನ್ನು ಈ ಊರಿನಲ್ಲಿ ಬೇರೆ ಯಾವ ಗಂಡಸೂ ಮಾಡಿಲ್ಲ. ದೋಷ ಇದ್ದದ್ದು ಜಾಗದಲ್ಲಿ. ಇವನು ಅರವಟ್ಟಿಗೆಯ ತೊಟ್ಟಿ ಕಟ್ಟಿದ್ದು ಹಳ್ಳದ ನಡುವೆ. ನಮ್ಮ ಕಡೆ ಹಳ್ಳವೇ ದಾರಿ. ಮಳೆ ಇಲ್ಲದಾಗ ಲಾರಿ, ಕತ್ತೆ, ಜನ ಎಲ್ಲ ಅದರಲ್ಲೇ ಓಡಾಡುತ್ತಾರೆ. ದಾರಿಹೋಕರಿಗೆ ಕೈಗೆ ಸಿಗುವ ಹಾಗೆ ಇರಲಿ ಎಂದು ಇವನು ಅಲ್ಲಿ ಕಟ್ಟಿದ. ಆದರೆ ಮಳೆ ಬಂದಾಗ ಹಳ್ಳ ಹಳ್ಳವೇ. ಮೇಲಿನ ಇಳಿಜಾರಿನಲ್ಲಿ ಯುದ್ಧಕ್ಕೆ ಹೆದರಿ ಓಡಿಬಂದವರು ಕಟ್ಟಿಕೊಂಡ ಮನೆಗಳಿವೆ, ಅವುಗಳ ಕಕ್ಕಸು ಗುಂಡಿಗಳಿವೆ. ಅವೆಲ್ಲಕ್ಕಿಂತ ದೊಡ್ಡದು ನಮ್ಮ ಶೇಖ್ ಮುಸ್ಲಿಹನ ಅತಿಥಿಮನೆಯ ಗುಂಡಿ. ಅದರ ಬಾಯಿ ನೇರವಾಗಿ ಹಳ್ಳಕ್ಕೇ ತೆರೆದಿದೆ. ಮಳೆ ಹುಯ್ದರೆ ಎಲ್ಲ ಕದಡಿ, ಉರುಳಿ, ತೊಟ್ಟಿಯೊಳಗೆ ಹೊಕ್ಕು ಮುಂದೆ ಹೋಗುತ್ತದೆ.

ವಸಂತದ ಮೊದಲ ಮಳೆಯಲ್ಲಿ ಹಾಗೇ ಆಯಿತು. ಕೆಳಗಿನ ಕೇರಿಯಲ್ಲಿ ಮನೆಮನೆಗೂ ಕಾಲರಾ ಹತ್ತಿತು. ನನ್ನ ಪಕ್ಕದ ಮನೆಯ ವರ್ದಾ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಸಂಜೆಗೆ ಇರಲಿಲ್ಲ. ನನ್ನ ಮೊಮ್ಮಗಳು ಅರ್ವಾಳನ್ನು ಕತ್ತೆಯ ಮೇಲೆ ಕಟ್ಟಿಕೊಂಡು ಸಂತೆಪೇಟೆಯ ಆಸ್ಪತ್ರೆ ಡೇರೆಗೆ ಇಳಿಸಿದೆವು. ಬದುಕಿದಳು. ಈಗ ಮತ್ತೆ ಅದೇ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಾಳೆ. ಶಾಲೆಯ ಮಕ್ಕಳೆಲ್ಲ ಕುಡಿಯುವುದು ಅಲ್ಲೇ.

ಡೇರೆಯ ನರ್ಸ್ ಇಬ್ತಿಹಾಲ್ ನಮ್ಮೂರಿಗೆ ಬಂದು ತೊಟ್ಟಿಗೆ ಕ್ಲೋರಿನ್ ಮಾತ್ರೆ ಹಾಕಿ ಹೋದಳು. ಹೋಗುವಾಗ ನನ್ನ ಕೈ ಹಿಡಿದು, "ಚಿಕ್ಕಮ್ಮ, ತೊಟ್ಟಿಗೆ ಮಾತ್ರೆ ಹಾಕಬಹುದು. ಹಳ್ಳಕ್ಕೆ ಮಾತ್ರೆ ಹಾಕೋಕಾಗುತ್ತಾ? ದೊಡ್ಡ ಮಳೆಗೆ ಮುಂಚೆ ಇದನ್ನ ಮೇಲೆ ಎತ್ತಿಸಿಬಿಡಿ," ಎಂದಳು. ಎತ್ತಿಸುವುದೆಂದರೆ ಸಮುದ್ರ ದಾಟುವ ಕೆಲಸವೇನಲ್ಲ. ದಂಡೆಯ ಮೇಲೆ ಶಾಲೆಯ ಅಂಗಳವಿದೆ, ಗಟ್ಟಿ ಜಾಗ, ಯಾವ ಹಳ್ಳವೂ ಏರದು. ತೊಟ್ಟಿ ಒಡೆದು, ಕೊಳವೆಯನ್ನು ಅತ್ತ ತಿರುಗಿಸಿದರೆ ಆಯಿತು. ಶೇಖನ ಗುಂಡಿಯ ಬಾಯಿಗೆ ಕಲ್ಲು ಕಟ್ಟಬೇಕು. ಇಷ್ಟೇ. ಇಷ್ಟಕ್ಕೇ ನಾನು ಇಡೀ ಬೇಸಿಗೆ ಬಡಿದಾಡಿದೆ.

ಪಟ್ಟಣದಿಂದ ಪರಿಸರ ಉಳಿಸುವ ಸಂಸ್ಥೆಯವರೂ ಒಮ್ಮೆ ಬಂದಿದ್ದರು. ಹವಾಮಾನ ಕೆಟ್ಟಿದೆ, ಮಳೆ ಮೊದಲಿನಂತಿಲ್ಲ, ಮುಂಚೆಯೇ ಸಿದ್ಧರಾಗಿರಿ ಎಂದು ಒಳ್ಳೆಯ ಮಾತೇ ಆಡಿದರು. ಶೇಖನ ಮನೆಯಲ್ಲಿ ಕುರಿ ಊಟ ಮಾಡಿದರು. ಊಟ ಆದ ಮೇಲೆ ಅದೇ ಅತಿಥಿಮನೆಯ ಕಕ್ಕಸಿಗೆ ಹೋದರು. ಹೋಗುವಾಗ ದೊಡ್ಡ ಪ್ಲಾಸ್ಟಿಕ್ ಬ್ಯಾನರ್ ಒಂದನ್ನು ಬಿಟ್ಟುಹೋದರು: "ಪ್ರವಾಹಕ್ಕೆ ಮುನ್ನ ಎಚ್ಚರ." ಈಗ ಅದನ್ನು ಜಗಿದರೆ ಅಮಲೇರುವ ಕಾತ್ ಸೊಪ್ಪು ಮಾರುವ ಹುಡುಗರು ಕಟ್ಟು ಬಾಡದಿರಲೆಂದು ಹೊದಿಸುತ್ತಾರೆ. ಆ ಸೊಪ್ಪು ಸುತ್ತಿದ ತೆಳು ಚೀಲಗಳೆಲ್ಲ ಹಳ್ಳದಲ್ಲಿ ಬಿದ್ದು, ಮುಳ್ಳುಕಂಟಿಗೆ ಸಿಕ್ಕಿ, ನೀರು ಹೋಗುವ ದಾರಿಯನ್ನು ಕಟ್ಟಿವೆ. ನಾನು ಗೋಣಿ ಹಿಡಿದು ಆಯಲು ಹೋದರೆ ಹಿಂದಿನಿಂದ ನಗು. "ತಕಿಯಾ ಫಸಲು ಕೊಯ್ತಿದಾಳೆ ನೋಡ್ರೋ!"

ನಮ್ಮ ಗಂಡಸರ ವಿಷಯಕ್ಕೆ ಬರುತ್ತೇನೆ.

ಅವರು ಒಲ್ಲೆ ಎನ್ನುವವರಲ್ಲ. ಒಲ್ಲೆ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಬೇರೆ ದಾರಿ ನೋಡುತ್ತಿದ್ದೆ. ಮಧ್ಯಾಹ್ನದ ಊಟ ಮುಗಿಸಿ ಶೇಖನ ಮೇಲಿನ ಕೋಣೆಯಲ್ಲಿ ದಿಂಬಿಗೆ ಒರಗಿ, ಕೆನ್ನೆಯೊಳಗೆ ಕಾತ್ ಸೊಪ್ಪಿನ ಉಂಡೆ ಕಟ್ಟಿ ಕೂತರೆಂದರೆ ಅವರಿಗೆ ಆಗದ ಕೆಲಸವೇ ಇಲ್ಲ. ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ನನ್ನ ವಯಸ್ಸಿನವಳಿಗೆ ಅಷ್ಟು ಸಲಿಗೆ ಉಂಟು. ಶೇಖನಿಗೆ ನಾನು ದೊಡ್ಡಪ್ಪನ ಮಗಳು ಬೇರೆ.

"ತೊಟ್ಟಿ ಒಂದೇ ಯಾಕೆ ತಕಿಯಾ?" ಎಂದ ಶೇಖ್ ಮುಸ್ಲಿಹ್. ಆ ಹೊತ್ತಿಗೆ ಅವನ ಕಣ್ಣು ಮಿನುಗತೊಡಗಿತ್ತು. "ಹಳ್ಳಕ್ಕೆ ಒಂದು ಅಣೆಕಟ್ಟನ್ನೇ ಹಾಕಿಬಿಡೋಣ."

"ಅಣೆಕಟ್ಟು ಬೇಡ. ನಿನ್ನ ಗುಂಡಿಗೆ ನಾಲ್ಕು ಕಲ್ಲು ಕಟ್ಟು."

"ಕಟ್ಟಿದಂಗೇ ಅನ್ಕೊ. ಬೆಟ್ಟಕ್ಕೆಲ್ಲ ಗಿಡ ನೆಡೋಣ. ಕಾಫಿ ಗಿಡ! ನಮ್ಮಜ್ಜಂದಿರ ಕಾಲದಲ್ಲಿ ಇತ್ತಲ್ಲ, ಹಂಗೆ."

"ಬಿಸಿಲಿನ ಪಂಪೂ ಹಾಕೋಣ," ಎಂದ ಮೇಸ್ತ್ರಿ ಸರ್ಹಾನ್.

"ಹಾಕೋಣ. ನಾಳೆ ಬೆಳಗಿನ ನಮಾಜ್ ಮುಗಿದ ತಕ್ಷಣ ಎಲ್ಲರೂ ಗುದ್ದಲಿ ಹಿಡ್ಕೊಂಡು ತೊಟ್ಟಿ ಹತ್ರ ಬರಬೇಕು. ನಾನು ಬರದಿದ್ರೆ ನನ್ನ ಹೆಂಡತಿಗೆ ತಲಾಖ್!"

"ನಂಗೂ ತಲಾಖ್!"

"ನಂಗೂ!"

ಆ ಆಣೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರೆ ನಮ್ಮೂರಿನಲ್ಲಿ ಗಂಡ ಇರುವ ಹೆಂಗಸು ಒಬ್ಬಳೂ ಉಳಿಯುತ್ತಿರಲಿಲ್ಲ. ಗಾಲಿಬನೂ ಅಲ್ಲೇ ಇರುತ್ತಿದ್ದ. ಬೆಳಿಗ್ಗೆ ನನ್ನ ಮೇಲೆ ಅರಚಿದವನು ಆ ಹೊತ್ತಿಗೆ ಬೆಣ್ಣೆ. "ಅಕ್ಕ ಹೇಳೋದು ಸರಿ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. "ಮೇಲೆ ಕಟ್ಟೋಣ. ಇನ್ನೂ ದೊಡ್ಡದಾಗಿ ಕಟ್ಟೋಣ. ಅಮೃತಶಿಲೆ ಹಾಕಿಸ್ತೀನಿ, ಅಮ್ಮನ ಹೆಸರು ಕೆತ್ತಿಸ್ತೀನಿ."

ಬೆಳಗಾಗುತ್ತಿತ್ತು. ನಮಾಜ್ ಮುಗಿಯುತ್ತಿತ್ತು. ನಾನು ಗುದ್ದಲಿ ಹಿಡಿದು ತೊಟ್ಟಿಯ ಬಳಿ ನಿಲ್ಲುತ್ತಿದ್ದೆ. ನನ್ನ ಜೊತೆಗೆ ನಮ್ಮ ಕತ್ತೆ ಇರುತ್ತಿತ್ತು. ಬಿಸಿಲೇರಿದ ಮೇಲೆ ಗಂಡಸರು ಮುಖ ಸಿಂಡರಿಸಿಕೊಂಡು ಒಬ್ಬೊಬ್ಬರೇ ಹೊರಬಂದು, ನನ್ನನ್ನು ಕಂಡ ಕೂಡಲೇ ಸಂತೆಗೋ ಹೊಲಕ್ಕೋ ಸರಿದುಬಿಡುತ್ತಿದ್ದರು.

ನನ್ನ ಗಂಡ ಕಾಯಿದ್ ಏನು ಕಡಿಮೆ? "ನಿನ್ನೆ ಸಂಜೆ ತಲಾಖ್ ಅಂದ್ಯಲ್ಲ, ನಾನೀಗ ತವರಿಗೆ ಹೋಗಲಾ?" ಎಂದು ಕೇಳಿದೆ.

"ಅದು ಕಾತ್ ಆಡಿದ ಮಾತು ಕಣೇ, ನಾನಲ್ಲ."

"ಹಾಗಾದ್ರೆ ಇವತ್ತಿನ ರೊಟ್ಟಿ ಕಾತ್‌ಗೇ ಹಾಕ್ತೀನಿ, ನಿನಗಲ್ಲ."

"ಯಾಕಿಷ್ಟು ಅವಸರ? ಸುಹೈಲ್ ನಕ್ಷತ್ರ ಇನ್ನೂ ಹುಟ್ಟಿಲ್ಲ. ಅದು ಹುಟ್ಟೋವರೆಗೆ ದೊಡ್ಡ ಮಳೆ ಬರಲ್ಲ. ನಮ್ಮಪ್ಪನ ಕಾಲದಿಂದ ಹಂಗೇ."

"ವಸಂತದಲ್ಲಿ ಯಾವ ನಕ್ಷತ್ರ ಹುಟ್ಟಿತ್ತು ಅಂತ ವರ್ದಾಳನ್ನ ಕೊಂದ ಮಳೆ ಬಂತು? ಈಗಿನ ಮಳೆ ಮೇಲೆ ನೋಡ್ಕೊಂಡು ಬರಲ್ಲ ಕಣೋ. ಬರಬೇಕು ಅನ್ಸಿದಾಗ ಬರುತ್ತೆ, ಇಡೀ ಬೆಟ್ಟಾನೇ ಕಿತ್ಕೊಂಡು ಬರುತ್ತೆ."

ಅವನು ರೊಟ್ಟಿ ಮಾತ್ರ ಹುಡುಕಿಕೊಂಡು ತಿಂದ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಗಾಲಿಬ್ ಆ ತೊಟ್ಟಿಗೆ ಯಾಕೆ ಅಷ್ಟು ಅಂಟಿಕೊಂಡಿದ್ದ ಎನ್ನುವುದು ಊರಿಗೆ ಗೊತ್ತಿರಲಿಲ್ಲ. ತಾಯಿಯ ಮೇಲಿನ ಪ್ರೀತಿ ಎಂದುಕೊಂಡಿದ್ದರು. ನನಗೆ ಗೊತ್ತಿತ್ತು. ಅವನ ಹೆಂಡತಿ ಸಯೀದಾ ಒಮ್ಮೆ ಬೀಸುವ ಕಲ್ಲಿನ ಮುಂದೆ ಕೂತು ಅಳುತ್ತ ಹೇಳಿದ್ದಳು. ಹಿಂದೊಮ್ಮೆ ಊರಿಗೆ ದೊಡ್ಡ ಕಾಲರಾ ಬಂದ ವರ್ಷ ಅಮ್ಮನಿಗೆ ಭೇದಿ ಹತ್ತಿದಾಗ, ನೀರು ಕೊಟ್ಟರೆ ಇನ್ನೂ ಹರಿಯುತ್ತದೆ, ಹನಿಯೂ ಕೊಡಬೇಡಿ ಎಂದು ತಿಳಿದವರೆನ್ನಿಸಿಕೊಂಡವರು ಹೇಳಿದರು. ಗಾಲಿಬ್ ನಂಬಿದ. ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಕದ್ದು ಕೊಡದಿರಲೆಂದು ಬಾಗಿಲಲ್ಲೇ ಕೂತ. ಅಮ್ಮ ಒಳಗಿನಿಂದ ನೀರು ನೀರು ಎಂದು ಕೂಗುತ್ತಲೇ ಇದ್ದಳಂತೆ. ನಾನು ಗಂಡನ ಮನೆಯಿಂದ ಓಡಿ ಬರುವಷ್ಟರಲ್ಲಿ ಕೂಗು ನಿಂತಿತ್ತು. ಭೇದಿಗೆ ಉಪ್ಪು ಸಕ್ಕರೆ ಬೆರೆಸಿದ ನೀರೇ ಮದ್ದು ಎಂದು ಆಮೇಲೆ ಡೇರೆಯವರು ಬಂದು ಸಾರಿದರು. ಅದನ್ನು ಕೇಳಿದ ಮಾರನೆಯ ದಿನವೇ ಇವನು ಊಟೆಯಿಂದ ಕೊಳವೆ ಎಳೆಯಲು ಬೆಟ್ಟ ಹತ್ತಿದ್ದು.

"ನಾನು ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು ಅತ್ತಿಗೆ," ಎಂದಿದ್ದಳು ಸಯೀದಾ. ನನ್ನ ಬಾಯಿ ದೊಡ್ಡದು, ಊರಿಗೇ ಗೊತ್ತು. ಆದರೂ ಇಷ್ಟು ವರ್ಷ ಈ ಒಂದು ಮಾತನ್ನು ಒಳಗೇ ಇಟ್ಟುಕೊಂಡಿದ್ದೆ.

ಬೆಟ್ಟದ ಆಚೆಯ ಊರಿನಲ್ಲಿ ಹಳ್ಳ ಬಂದು ಎರಡು ಮನೆ ಹೋದವು ಎಂಬ ಸುದ್ದಿ ಒಂದು ದಿನ ಬಂತು. ಅವರಿಗೂ ಸುಹೈಲ್ ಹುಟ್ಟಿರಲಿಲ್ಲ. ಅಂದು ಮಧ್ಯಾಹ್ನ ನಾನು ದನಗಳಿಗೆ ಹುಲ್ಲು ತರುವ ಬುಟ್ಟಿಯನ್ನು ಖಾಲಿ ಮಾಡಿ, ಸೊಂಟಕ್ಕೆ ಒತ್ತಿಕೊಂಡು ಶೇಖನ ಮನೆಗೆ ಹತ್ತಿದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ನುಗ್ಗಿ ಕೋಣೆಯ ನಡುವೆ, ಉಗುಳುವ ಪಾತ್ರೆಗಳ ಪಕ್ಕದಲ್ಲಿ ಬುಟ್ಟಿಯನ್ನು ಕುಕ್ಕಿದೆ.

"ಇದೇನು ತಕಿಯಾ, ಮೊಟ್ಟೆ ಮಾರ್ತೀಯಾ?" ಎಂದ ಸರ್ಹಾನ್.

"ನಾಳೆ ಬೆಳಿಗ್ಗೆ ಬರ್ತೀರಾ?"

"ಬರ್ತೀವಿ! ತಲಾಖ್ ಆಣೆಗೂ ಬರ್ತೀವಿ!"

"ನಿಮ್ಮ ಹೆಂಡಂದಿರನ್ನ ಇಟ್ಕೊಂಡು ನಾನೇನು ಮಾಡ್ಲಿ? ಬಾಕು ಹಾಕಿ."

ನಮ್ಮಲ್ಲಿ ಗಂಡಸು ಸೊಂಟದ ಬಾಕನ್ನು ಬಿಚ್ಚಿ ಇನ್ನೊಬ್ಬರ ಮುಂದೆ ಇಟ್ಟನೆಂದರೆ ಅದು ಅಡ. ಮಾತು ನಡೆಸಿ ಬಿಡಿಸಿಕೊಳ್ಳುವವರೆಗೆ ಅವನು ಬರಿ ಸೊಂಟದವನು. ಸಂತೆಗೆ ಹೋಗುವಂತಿಲ್ಲ, ಮಸೀದಿಯಲ್ಲಿ ತಲೆ ಎತ್ತುವಂತಿಲ್ಲ. ಕೊಲೆಯ ವ್ಯಾಜ್ಯಗಳೂ ನಿಲ್ಲುವುದು ಅದರಿಂದಲೇ. ಆದರೆ ಅಡ ಇಡುವುದು ಶೇಖನ ಮುಂದೆ, ಹೆಂಗಸಿನ ಹುಲ್ಲುಬುಟ್ಟಿಯಲ್ಲಲ್ಲ.

"ಬಾಕು ನನ್ನ ಮುಂದೆ ಇಡಲಿ, ಅದು ಪದ್ಧತಿ," ಎಂದು ಶೇಖ್ ಗಂಟಲು ಸರಿಮಾಡಿಕೊಂಡ.

"ನಿನ್ನ ಮುಂದೆ ಹೇಗಿಡ್ತಾರೆ? ಗುಂಡಿ ನಿಂದು. ನೀನೇ ಒಂದು ಕಡೆಯವನು. ನಿಂದೇ ಮೊದಲು ಹಾಕು."

ಬೆಳಗಿನ ಹೊತ್ತಾಗಿದ್ದರೆ ನನ್ನನ್ನು ಮೆಟ್ಟಿಲಿನಿಂದ ಉರುಳಿಸುತ್ತಿದ್ದನೋ ಏನೋ. ಆದರೆ ಅದು ಎಲ್ಲರೂ ಅರಸರಾಗಿರುವ ಹೊತ್ತು. ಶೇಖ್ ಸುತ್ತ ನೋಡಿದ, ಗಹಗಹಿಸಿ ನಕ್ಕ, ಬೆಳ್ಳಿಹಿಡಿಯ ಬಾಕನ್ನು ಸರಕ್ಕನೆ ಎಳೆದು ಬುಟ್ಟಿಗೆ ಎಸೆದ. "ನೋಡ್ರೋ! ಮುಸ್ಲಿಹನ ಮಾತು ಅಂದ್ರೆ ಇದು!" ಆಮೇಲೆ ಕೇಳಬೇಕೇ? ನಾನು ಮುಂದೆ, ತಾನು ಮುಂದೆ ಎಂದು ಬಿದ್ದವು. ನನ್ನ ಗಂಡನೂ ಹಾಕಿದ. ಕೊನೆಗೆ ಗಾಲಿಬ್ ಎದ್ದು ಬಂದ. ಅವನ ಸೊಂಟದಲ್ಲಿದ್ದದ್ದು ನಮ್ಮಪ್ಪನ ಬಾಕು. ಕೊಂಬಿನ ಹಿಡಿ, ಅಪ್ಪನ ಹೆಬ್ಬೆಟ್ಟು ತಿಕ್ಕಿ ತಿಕ್ಕಿ ನುಣುಪಾದದ್ದು. ಅದಕ್ಕೆ ಮುತ್ತಿಟ್ಟು ಬುಟ್ಟಿಯೊಳಗೆ ಮೆಲ್ಲಗೆ ಮಲಗಿಸಿದ.

"ಅಮ್ಮನಿಗೋಸ್ಕರ, ಅಕ್ಕ," ಎಂದ. ಕಣ್ಣಲ್ಲಿ ನೀರು.

ಬುಟ್ಟಿ ಹೊತ್ತು ಮನೆಗೆ ತಂದು, ಹಿಟ್ಟಿನ ಕಣಜದ ಹಿಂದೆ ಇಟ್ಟು ಬೀಗ ಹಾಕಿದೆ.

ಬೆಳಿಗ್ಗೆ ನಮಾಜ್ ಮುಗಿದ ತಕ್ಷಣ ಎಲ್ಲರೂ ಬಂದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರಲಿಲ್ಲ. ಬಾಕು ಇಲ್ಲದ ಪಟ್ಟಿಗಳು ಸೊಂಟದಲ್ಲಿ ಸಡಿಲವಾಗಿ ಜೋತಾಡುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ನನ್ನ ಮುಖವನ್ನಂತೂ ಇಲ್ಲವೇ ಇಲ್ಲ. ಶೇಖ್ ತಾನೇ ನಿಂತು ಗುಂಡಿಯ ಬಾಯಿಗೆ ಕಲ್ಲು ಕಟ್ಟಿಸಿದ. ಮುಗಿದದ್ದೇ ತಡ, "ನಂದು ಕೊಡು," ಎಂದು ಕೈ ಚಾಚಿದ.

"ತೊಟ್ಟಿ ಆಗಲಿ, ಎಲ್ಲರದೂ ಒಟ್ಟಿಗೆ."

"ನೀನು ಗಂಡಸಾಗಿ ಹುಟ್ಟಿದ್ರೆ ನಾನು ಈ ಊರಲ್ಲೇ ಇರ್ತಿರಲಿಲ್ಲ ತಕಿಯಾ."

"ಗಂಡಸಾಗಿ ಹುಟ್ಟಿದ್ರೆ ನಾನೂ ಕಾತ್ ತಿಂದ್ಕೊಂಡು ಬಿದ್ದಿರ್ತಿದ್ದೆ. ನಡಿ."

ಕೆಳಗಿಳಿದರೆ ಗಾಲಿಬ್ ತೊಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಸರ್ಹಾನ್ ಮೇಸ್ತ್ರಿ ಸುತ್ತಿಗೆ ಊರಿಕೊಂಡು ಪಕ್ಕದಲ್ಲಿ ನಿಂತಿದ್ದ, ಏನು ಮಾಡಬೇಕೆಂದು ತಿಳಿಯದೆ.

"ಇಳಿಯೋ," ಎಂದೆ.

"ಇಳಿಯಲ್ಲ. ದಾನಕ್ಕೆ ಬಿಟ್ಟಿದ್ದನ್ನ ಒಡೆಯೋದು ಪಾಪ. ನನ್ನ ಬಾಕು ಕೊಡು."

"ಇಮಾಮರೇ ಹೇಳಿದಾರೆ, ಜಾಗ ಬದಲಾಯಿಸಬಹುದು ಅಂತ. ನಿನ್ನೆ ನೀನೇ ಹೂಂ ಅಂದೆ. ಮುತ್ತಿಟ್ಟು ಹಾಕಿದೆ."

"ನಿನ್ನೆ ಆ ಹೊತ್ತಲ್ಲಿ ಏನೋ ಅಂದೆ."

"ಆ ಹೊತ್ತು ಈ ಹೊತ್ತು ಅಂತ ಬಾಕಿಗೆ ಗೊತ್ತಾಗಲ್ಲ. ಇಳಿ."

"ಇವತ್ತು ಒಡೀತೀರಿ, ಕಟ್ಟೋದು ಯಾವಾಗ? ನಾಳೆ ನಾಳೆ ಅಂತ ಇವರು ವರ್ಷ ತಳ್ತಾರೆ. ಅಲ್ಲಿವರೆಗೆ ದಾರೀಲಿ ಬರೋನು ಬಾಯಾರಿ ಹೋಗ್ಬೇಕಾ? ಅಮ್ಮ ಅಲ್ಲಿ ಕಾಯ್ಬೇಕಾ?"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಹಿಂದಿನಿಂದ ನನ್ನ ಗಂಡ ಗೊಣಗಿದ, "ಪಾಪ, ತಾಯಿ ವಿಷಯ. ಇನ್ನೊಂದು ದಿನ ನೋಡಿದ್ರಾಯ್ತು." ಶೇಖ್ ತಲೆಯಾಡಿಸಿದ. "ಸರಿ, ಅಡದ ಮಾತು ನಾವು ನಡೆಸಿದೀವಿ, ಬಂದಿದೀವಿ. ಇವನು ಇಳೀದಿದ್ರೆ ನಮ್ಮ ತಪ್ಪಲ್ಲ. ಬಾಕು ಕೊಟ್ಬಿಡು ತಕಿಯಾ." ಸರ್ಹಾನ್ ಸುತ್ತಿಗೆಯನ್ನು ಹೆಗಲಿಗೇರಿಸಿದ. ಇಡೀ ಬೇಸಿಗೆಯ ನನ್ನ ಕೂಗಾಟ ಕಣ್ಣೆದುರಿಗೇ ಜಾರಿಹೋಗುತ್ತಿತ್ತು. ಮೇಲಿನ ಬೆಟ್ಟದ ತಲೆಯ ಮೇಲೆ ಕಪ್ಪು ಕಟ್ಟಿತ್ತು, ಅಲ್ಲೆಲ್ಲೋ ಗುಡುಗಿತು. ಅರ್ವಾ ಶಾಲೆಗೆ ಹೋಗುವವಳು ನಮ್ಮ ನಡುವೆಯೇ ನುಸುಳಿ ಬಂದು, ಮಾವಜ್ಜನ ಕಾಲ ಕೆಳಗಿನ ನಲ್ಲಿಗೆ ಬಾಯಿ ಹಚ್ಚಿದಳು.

ಗಾಲಿಬ್ ಬಗ್ಗಿ ಅವಳಿಗೆ ನಲ್ಲಿ ತಿರುಗಿಸಿ ಕೊಟ್ಟ. "ಕುಡಿ ಕಂದ. ಬಾಯಾರಿದೋರಿಗೆ ಇಲ್ಲ ಅನ್ನೋನು ನಾನಲ್ಲ."

ಆಗ ನಾನು ಅಂದೆ.

"ನೀನಲ್ವಾ? ಅಮ್ಮ ಕೇಳಿದಾಗ ಏನಂದೆ? ಹೂಜಿ ತೊಡೆ ಮೇಲಿಟ್ಕೊಂಡು ಬಾಗಿಲು ಕಾದೋನು ಯಾರು? ಅವಳು ನೀರು ನೀರು ಅಂತ ಒದ್ದಾಡಿ ಸಾಯೋವಾಗ ಒಂದು ಹನಿ ಬಿಡದೋನು ಈಗ ಊರೆಲ್ಲ ಕುಡಿಸ್ತೀಯಾ? ಅವಳಿಗೆ ಕೊಡದೇ ಹೋದ ನೀರಲ್ಲಿ ನನ್ನ ಮೊಮ್ಮಗಳನ್ನ ಕೊಲ್ತೀಯಾ?"

ಅರ್ವಾ ನಲ್ಲಿಯಿಂದ ಬಾಯಿ ತೆಗೆದಳು.

ಗಾಲಿಬ್ ಒಬ್ಬನೇ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ಶೇಖ್ ನೆಲ ನೋಡುತ್ತಿದ್ದ. ಸರ್ಹಾನ್ ಅತ್ತ ತಿರುಗಿ ನಿಂತಿದ್ದ. ಆ ವರ್ಷವೇ ಅವನ ತಂದೆಯೂ ಹೋದದ್ದು. ಆ ವರ್ಷ ನಮ್ಮೂರಿನ ಎಷ್ಟು ಮನೆಗಳಲ್ಲಿ ಹೂಜಿ ಬಚ್ಚಿಟ್ಟಿದ್ದರೋ ನನಗೇನು ಗೊತ್ತು? ನಾನು ಒಬ್ಬನಿಗೆ ಎಸೆದ ಕಲ್ಲು ಎಲ್ಲರಿಗೂ ತಗುಲಿತ್ತು.

"ಸಯೀದಾ ಹೇಳಿದಳಾ?" ಎಂದ ಗಾಲಿಬ್.

ಇಷ್ಟೇ ಕೇಳಿದ್ದು. ಬೈಯಲಿಲ್ಲ, ಅಳಲಿಲ್ಲ. ನಾನು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಉತ್ತರವಾಯಿತು.

ಅವನು ತೊಟ್ಟಿಯಿಂದ ಇಳಿದ. ನಲ್ಲಿಯನ್ನು ತಿರುಗಿಸಿ ಗಟ್ಟಿಯಾಗಿ ಮುಚ್ಚಿದ. ಒಂದು ಹನಿಯೂ ತೊಟ್ಟಿಕ್ಕುತ್ತಿಲ್ಲ ಎಂದು ಬೆರಳಿಟ್ಟು ನೋಡಿದ. ಆಮೇಲೆ ಹಳ್ಳದ ದಾರಿಯಲ್ಲಿ ಕೆಳಮುಖವಾಗಿ ನಡೆದ, ಸಂತೆಪೇಟೆಯ ಕಡೆಗೆ.

"ಲೋ! ಬಾಕು ಬಿಡಿಸ್ಕೊಂಡು ಹೋಗು," ಎಂದು ಕೂಗಿದೆ. "ಬರಿ ಸೊಂಟದಲ್ಲಿ ಎಲ್ಲಿಗೆ ಹೋಗ್ತೀಯೋ?"

ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಕಾತ್ ಚೀಲ ಸಿಕ್ಕಿಕೊಂಡ ಮುಳ್ಳುಕಂಟಿಯ ಹಿಂದೆ ಮರೆಯಾದ. ಸಿಟ್ಟು ಇಳಿದರೆ ಮಧ್ಯಾಹ್ನದ ಊಟಕ್ಕೆ ಬರುತ್ತಾನೆ ಎಂದುಕೊಂಡು ನಾನು ಸರ್ಹಾನನ ಕಡೆ ತಿರುಗಿದೆ. "ನಿಂತ್ಕೊಂಡು ಏನು ನೋಡ್ತೀಯಾ? ಒಡಿ."

ಒಡೆದರು. ಕೊಳವೆಯನ್ನು ಎತ್ತಿ ಶಾಲೆಯ ಅಂಗಳಕ್ಕೆ ತಿರುಗಿಸಿದರು, ಅಲ್ಲಿ ಒಂದು ಪೀಪಾಯಿ ಇಟ್ಟರು. ನಾನು ಬುಟ್ಟಿ ತಂದು ಇಳಿಸಿದೆ. ಒಬ್ಬೊಬ್ಬರೇ ಬಂದು ತಮ್ಮ ತಮ್ಮದನ್ನು ಎತ್ತಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅಪ್ಪನ ಬಾಕು ಬುಟ್ಟಿಯ ತಳದಲ್ಲಿ ಉಳಿಯಿತು.

ಮಾರನೆಯ ದಿನ ಮಧ್ಯಾಹ್ನ ಮಳೆ ಬಂತು. ನಕ್ಷತ್ರ ಹುಟ್ಟಿರಲಿಲ್ಲ. ಹಳ್ಳ ಗೋಡೆಯ ಎತ್ತರಕ್ಕೆ ಎದ್ದು, ಯಾರದೋ ಬಾಗಿಲು, ಯಾರದೋ ಮೇಕೆ, ಇಳಿಜಾರಿನ ಗುಂಡಿಗಳ ಹೊಲಸು, ಊರಿನ ಚೀಲಗಳು ಎಲ್ಲವನ್ನೂ ಹೊತ್ತು, ತೊಟ್ಟಿ ಇದ್ದ ಜಾಗದ ಮೇಲೆ ಹಾದುಹೋಯಿತು. ದಂಡೆಯ ಮೇಲೆ ಪೀಪಾಯಿಯಿಂದ ತಿಳಿನೀರು ಬೀಳುತ್ತಿತ್ತು. ಈ ಮಳೆಗಾಲದಲ್ಲಿ ನಮ್ಮ ಕೇರಿಗೆ ಕಾಲರಾ ಹತ್ತಲಿಲ್ಲ; ಇಬ್ತಿಹಾಲ್ ಬಂದು ಮನೆಮನೆ ನೋಡಿ ಹೋದಳು. ಶೇಖ್ ಅವಳ ಮುಂದೆ ಎದೆಯುಬ್ಬಿಸಿ, "ನಮ್ಮೂರವರು ಎಲ್ಲ ಮುಂಚೇನೇ ಯೋಚ್ನೆ ಮಾಡ್ತೀವಿ ತಾಯಿ," ಎಂದ. ನಾನು ಏನೂ ಅನ್ನಲಿಲ್ಲ. ನನ್ನ ಬಾಯಿಯ ಮೇಲೆ ನನಗೇ ಆಗ ಬೇಸರವಿತ್ತು.

ಹೊಸ ತೊಟ್ಟಿ ಇನ್ನೂ ಕಟ್ಟಿಲ್ಲ. ಅದೂ ಗಾಲಿಬ್ ಹೇಳಿದ ಹಾಗೇ ಆಗಿದೆ. ಸಯೀದಾ ನನ್ನ ಮನೆಯ ಹೊಸಿಲು ತುಳಿಯುವುದಿಲ್ಲ. ಪೀಪಾಯಿಯ ಹತ್ತಿರ ನಾನಿದ್ದರೆ ಡಬ್ಬ ಎತ್ತಿಕೊಂಡು ದೂರ ಹೋಗಿ ನಿಲ್ಲುತ್ತಾಳೆ. ಗಾಲಿಬ್ ಅವತ್ತೇ ಸಂತೆಪೇಟೆಯಲ್ಲಿ, ಸಮುದ್ರದ ಕಡೆ ಹೋಗುವ ಲಾರಿ ಹತ್ತಿದ್ದನ್ನು ಕಂಡವರಿದ್ದಾರೆ. ಸೊಂಟಕ್ಕೆ ಬರಿ ಪಟ್ಟಿ ಸುತ್ತಿದ್ದನಂತೆ. ಆಮೇಲೆ ಸುದ್ದಿಯಿಲ್ಲ.

ಮಳೆ ಮುಗಿದ ಮೇಲೆ ಒಂದು ಮಧ್ಯಾಹ್ನ ಶೇಖನ ಮೇಲಿನ ಕೋಣೆಗೆ ಹೋದೆ. ಕೆನ್ನೆಗಳೆಲ್ಲ ಉಬ್ಬಿದ್ದವು, ಕಣ್ಣುಗಳೆಲ್ಲ ಮಿನುಗುತ್ತಿದ್ದವು.

"ಗಾಲಿಬ್‌ನ ಹುಡುಕ್ಕೊಂಡು ಬರಬೇಕು," ಎಂದೆ.

"ಬರಬೇಕು! ನಮ್ಮ ಮಗ ಅವನು!" ಎಂದ ಶೇಖ್. "ನಾಳೆ ಬೆಳಗಿನ ನಮಾಜ್ ಮುಗಿದ ತಕ್ಷಣ ಎಲ್ಲರೂ ಹೊರಡೋದು. ಸಮುದ್ರದವರೆಗೂ ಹೋಗೋಣ. ಹೆಗಲ ಮೇಲೆ ಕೂರಿಸ್ಕೊಂಡು ತರೋಣ. ನಾನು ಬರದಿದ್ರೆ ತಲಾಖ್!"

"ನಂಗೂ ತಲಾಖ್!" ಎಂದ ನನ್ನ ಗಂಡ.

ನಾನು ಬುಟ್ಟಿಯನ್ನು ನಡುವೆ ಇಟ್ಟೆ. ಅದರ ತಳದಲ್ಲಿ ಅಪ್ಪನ ಬಾಕು ಇತ್ತು.

ಒಬ್ಬ ಸೊಪ್ಪಿನ ಚಿಗುರು ಆರಿಸತೊಡಗಿದ. ಒಬ್ಬ ಕಿಟಕಿಯ ಕಡೆ ನೋಡಿದ. ಸೊಂಟಕ್ಕೆ ಕೈ ಹಾಕಿದವರು ಯಾರೂ ಇಲ್ಲ.